ಕೊನೆಯ ಹಾಳೆ ಮೇಲಿಟ್ಟ ಕುಪ್ಪಮ್ಮ

ಸೇಲಂನಿಂದ ಹೊರಡುವ ಮೊದಲ ಟೌನ್ ಬಸ್ಸು ಓಮಲೂರಿಗೆ ಬಂದು ನಿಂತಾಗ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಹಾಲು ಇನ್ನೂ ಉಕ್ಕಿರುವುದಿಲ್ಲ. ಇಳಿದ ನಾಲ್ಕಾರು ಜನ ಕಣ್ಣುಜ್ಜಿಕೊಂಡು ಅಲ್ಲೇ ನಿಂತರೆ, ಸೆರಗನ್ನು ಕಿವಿ ಮುಚ್ಚುವಂತೆ ಹೊದ್ದ ಒಬ್ಬ ಹೆಂಗಸು ಮಾತ್ರ ಯಾರನ್ನೂ ನೋಡದೆ ಬೆಂಗಳೂರು ರಸ್ತೆಯ ಕಡೆ ಸರಸರನೆ ನಡೆದುಬಿಡುತ್ತಾರೆ. ಅವರೇ ಕುಪ್ಪಮ್ಮ. ಸವೆದ ಟೈರಿಗೆ ಹೊಸ ರಬ್ಬರು ಹಾಕಿಕೊಡುವ ಅಂಗಡಿಯೊಂದು ಆ ರಸ್ತೆಯಲ್ಲಿದೆ. ಅದರ ಪಕ್ಕದ ಕಿರಿದಾದ ಮೆಟ್ಟಿಲು ಹತ್ತಿ, ಮೇಲಿನ ಆಫೀಸಿನ ಬೀಗ ತೆಗೆದು, ಪೂರ್ವದ ಕಿಟಕಿಯ ಕೆಳಗೆ ಚಾಪೆ ಹಾಸಿ ಕೂರುತ್ತಾರೆ. ಮಡಿಲಲ್ಲಿ ಒಂದು ಪುಸ್ತಕ.

ಇವತ್ತಿನ ಪುಸ್ತಕ ಅಂಗೈ ಅಗಲದ್ದು. ಕಾಗದ ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿದೆ, ಮೂಲೆ ಮುಟ್ಟಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಬಿಡಿ ಹಾಳೆಗಳನ್ನು ಒಟ್ಟಿಗೆ ಜೋಡಿಸಿ, ಬದಿಯಲ್ಲಿ ತೂತು ಹೊಡೆದು, ದಪ್ಪ ನೂಲಿನಿಂದ ಎಳೆದು ಕಟ್ಟಿದ ಹಳೇ ಕಾಲದ ಹೊಲಿಗೆ. ಕುಪ್ಪಮ್ಮ ಅದಕ್ಕೆ ಕತ್ತರಿ ತಾಗಿಸುವುದಿಲ್ಲ. ಮೊಂಡು ಸೂಜಿಯಿಂದ ಒಂದೊಂದೇ ಎಳೆಯನ್ನು ಮೇಲೆತ್ತಿ, ಉಗುರಿನಲ್ಲಿ ಹಿಡಿದು, ಬಾಯಲ್ಲಿ ಸಣ್ಣಗೆ ಗಾಳಿ ಊದಿ, ಸಡಿಲ ಮಾಡುತ್ತಾರೆ. ಎಳೆ ಬಿಟ್ಟುಕೊಟ್ಟ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕದ ಬಿಳಿ ಬಟ್ಟೆಯ ಮೇಲೆ ಮಲಗಿಸುತ್ತಾರೆ. ಆಮೇಲೆ ಇನ್ನೊಂದು ಹಾಳೆ, ಅದರ ಮೇಲೆ.

"ಬಿಸ್ಲು ಏರಿದ್ರೆ ಕಾಗ್ದ ಮುರೀತೈತೆ," ಎನ್ನುತ್ತಾರೆ ಕುಪ್ಪಮ್ಮ, ಕಣ್ಣೆತ್ತದೆ. "ಬೆಳಗಿನ ತಂಪಿಗೆ ಸ್ವಲ್ಪ ಮೆತ್ಗೆ ಇರ್ತೈತೆ. ನೂಲೂ ಅಂಗೇ ತಾನೆ. ನಮ್ ಬೀದೀಲಿ ಸೂರ್ಯ ಉಟ್ಟೋ ಮುಂಚೇನೇ ಆಸಿನ ನೂಲು ಕಟ್ಟಿ ಗಂಜಿ ಆಕಿ ಮುಗಿಸ್ಬಿಡ್ತಾರೆ. ಆಮೇಲೆ ಎಳುದ್ರೆ ಪಟ್ ಅಂತೈತೆ."

ಅವರ ಬೀದಿ ಎಂದರೆ ಸೇಲಂನ ಗುಗೈ. ಮನೆಮನೆಯಲ್ಲೂ ಮಗ್ಗ, ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಪುಸ್ತಕ ಮಾತ್ರ ಆಫೀಸಿನದಲ್ಲ, ಗುಗೈಯದ್ದೂ ಅಲ್ಲ. ಕಂಬೈನಲ್ಲೂರಿನ ಹತ್ತಿರದ ಹಳ್ಳಿಯೊಂದರ ಮುನಿವೆಂಕಟಪ್ಪ ಎಂಬ ಮುದುಕರದ್ದು. ಅವರ ಕಣ್ಣಿಗೆ ಈಗ ಕಾಗದದ ಮೇಲಿನ ಅಕ್ಷರ ಕಾಣುವುದಿಲ್ಲ. ಇನ್ನೊಂದು ಸಲ ಈ ಪುಸ್ತಕವನ್ನು ನಿಮ್ಮ ಕೈಯಲ್ಲೇ ಓದಿಸಿಕೊಡುತ್ತೇನೆ ಎಂದು ಕುಪ್ಪಮ್ಮ ಅವರಿಗೆ ಮಾತು ಕೊಟ್ಟುಬಿಟ್ಟಿದ್ದಾರೆ. ಕೊಟ್ಟವರಿಗೆ ಅಕ್ಷರ ಬರುವುದಿಲ್ಲ ಎನ್ನುವುದು ಬೇರೆ ಮಾತು.

ಈ ಆಫೀಸಿನಲ್ಲಿ ನಡೆಯುವ ಕೆಲಸವನ್ನು ಮೊದಲ ಸಲ ನೋಡಿದವರಿಗೆ ನಂಬಿಕೆ ಬರುವುದು ಕಷ್ಟ. ಸಮುದ್ರದಾಚೆಯ ಕಂಪನಿಗಳು ಇಲ್ಲಿಗೆ ಪುಸ್ತಕ ಕಳಿಸುತ್ತವೆ. ಇಲ್ಲಿಯ ಹುಡುಗಿಯರು ಅದರ ಪುಟಗಳನ್ನು ಸ್ಕ್ಯಾನರಿನ ಗಾಜಿನ ಮೇಲೆ ಮಲಗಿಸಿ, ಕಂಪ್ಯೂಟರಿಗೆ ಉಣಿಸಿ, ತಪ್ಪು ತಿದ್ದಿ, ಡಿಸ್ಕಿಗೆ ತುಂಬಿ ವಾಪಸು ಕಳಿಸುತ್ತಾರೆ. ಬೇರೆ ಕಡೆಗಳಲ್ಲಿ ಪುಸ್ತಕದ ಬೆನ್ನನ್ನೇ ಕತ್ತರಿಸಿ ಬಿಡಿಹಾಳೆ ಮಾಡಿಕೊಳ್ಳುತ್ತಾರಂತೆ. ಇಲ್ಲಿಗೆ ಬರುವವುಗಳಲ್ಲಿ ಹಲವು ಯಾವುದೋ ಲೈಬ್ರರಿಯಿಂದ ಕಡ ತಂದ ಹಳೆಯ ಪುಸ್ತಕಗಳು. ಬಂದ ಹಾಗೆಯೇ ಹಿಂದಿರುಗಬೇಕು. ಬಿಚ್ಚುವುದೂ ಕುಪ್ಪಮ್ಮ, ಮತ್ತೆ ಹೊಲಿಯುವುದೂ ಕುಪ್ಪಮ್ಮ.

ಆಫೀಸಿನ ಮಾಲೀಕ ವಿಶ್ವನಾಥನ್ ಅವರ ತಂದೆ ನೂಲಿನ ವ್ಯಾಪಾರಿ. ಪುಸ್ತಕ ಬಿಚ್ಚಲು ಮೊದಲು ಸೇರಿಸಿಕೊಂಡಿದ್ದ ಬೈಂಡರ್ ಒಬ್ಬರು ಗೋಂದು ಹಚ್ಚಿ ಹಚ್ಚಿ ಒಂದು ಪುಸ್ತಕವನ್ನು ಇಟ್ಟಿಗೆ ಮಾಡಿಟ್ಟರಂತೆ. ಆಗ ವಿಶ್ವನಾಥನ್‌ಗೆ ನೆನಪಾದದ್ದು, ತಂದೆಯ ಜೊತೆ ಹೋಗುತ್ತಿದ್ದಾಗ ಗುಗೈಯ ಮನೆಗಳಲ್ಲಿ ನೋಡುತ್ತಿದ್ದ ಹೆಂಗಸರ ಬೆರಳು. ಮಗ್ಗದಲ್ಲಿ ಒಂದು ಹಾಸು, ಎಂದರೆ ಉದ್ದಕ್ಕೆ ಕಟ್ಟಿದ ನೂಲು, ಮುಗಿದಾಗ ನೇಯ್ದ ಪಂಚೆಯನ್ನು ಕೊಯ್ದುಕೊಳ್ಳುತ್ತಾರೆ. ಆದರೆ ಮಗ್ಗವನ್ನು ಬರಿದು ಮಾಡುವುದಿಲ್ಲ. ಹಳೆಯ ಎಳೆಗಳ ತುದಿ ಅಲ್ಲೇ ಉಳಿದಿರುತ್ತದೆ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ, ಬೆರಳಿಗೆ ಬೂದಿ ಮುಟ್ಟಿಸಿಕೊಂಡು, ಹೊಸೆದು ಸೇರಿಸಬೇಕು. ರೇಷ್ಮೆಯ ಎಳೆ, ಕೂದಲಿಗಿಂತ ಸಣ್ಣ. ಕುಪ್ಪಮ್ಮ ಆ ಕೆಲಸಕ್ಕೆ ಕೂತದ್ದು ಲಂಗ ಉಡುವ ವಯಸ್ಸಿನಲ್ಲಿ.

"ಅಪ್ಪ ನೇಯೋರು, ಗಂಡನೂ ನೇಯೋರು. ಸೇರ್ಸೋದು ನಾನು," ಎನ್ನುತ್ತಾರೆ. "ಪವರ್ ಲೂಮ್ ಬಂದ್ಮೇಲೆ ಬೀದಿ ಪೂರಾ ಟಕಟಕ ಟಕಟಕ. ಎಳೆ ಸೇರ್ಸಾಕೆ ಕರಿಯೋರೇ ಕಮ್ಮಿ ಆದ್ರು. ಮನೇಲಿ ಸುಮ್ನೆ ಕೂತ್ರೆ ಬೆರಳು ಏನೋ ಕೇಳ್ತಾ ಇರ್ತೈತೆ. ಆವಾಗ ಇವ್ರು ಬಂದು ಪುಸ್ತಕ ಬಿಚ್ತೀಯಾ ಅಂದ್ರು. ಬಿಚ್ಚೋದಾ, ಒಲಿಯೋದಾ ಅಂತ ಕೇಳ್ದೆ. ರೆಂಡುಂ ಅಂದ್ರು. ಎರಡೂ ಆದ್ರೆ ಬತ್ತೀನಿ ಅಂದೆ."

ಮೊದಮೊದಲು ಫಜೀತಿಯೂ ಆಯಿತು. ಅಭ್ಯಾಸ ಬಿಡದೆ ಬೂದಿಯ ಬೆರಳಲ್ಲೇ ಹಾಳೆ ಹಿಡಿದರು. ಕಂಪ್ಯೂಟರಿನಲ್ಲಿ ಪ್ರತಿ ಪುಟದ ಅಂಚಿಗೂ ಕುಪ್ಪಮ್ಮನ ಹೆಬ್ಬೆಟ್ಟು ಮೂಡಿತು. ಪತ್ರಕ್ಕೆ ಹೆಬ್ಬೆಟ್ಟು ಒತ್ತುವುದನ್ನು ನೋಡಿದ್ದೆವು, ಇಂಗ್ಲಿಷ್ ನಿಘಂಟಿಗೆ ಒತ್ತಿದವರು ನೀವೊಬ್ಬರೇ ಎಂದು ಹುಡುಗಿಯರು ಇವತ್ತಿಗೂ ಚುಡಾಯಿಸುತ್ತಾರೆ. ಈಗ ಬೂದಿಯ ಡಬ್ಬಿಯ ಪಕ್ಕ ಒಂದು ಒದ್ದೆ ಬಟ್ಟೆಯೂ ಇರುತ್ತದೆ. ಅಚ್ಚರಿಯ ಮಾತೆಂದರೆ, ಈಕೆ ಹೊಲಿಯುವ ಪುಸ್ತಕದಲ್ಲಿ ಹಳೆಯ ನೂಲನ್ನು ಪೂರ್ತಿ ತೆಗೆಯುವುದೇ ಇಲ್ಲ. ಕೊನೆಯ ತೂತಿನಲ್ಲಿ ಒಂದಿಷ್ಟು ತುದಿ ಬಿಟ್ಟು, ಅದಕ್ಕೆ ಹೊಸ ನೂಲನ್ನು ಹೊಸೆದು ಹೊಲಿಗೆ ಶುರು ಮಾಡುತ್ತಾರೆ. ಯಾಕೆ ಎಂದು ಕೇಳಿದರೆ, ಬರಿದು ಬಿಡಬಾರದು ಎನ್ನುತ್ತಾರೆ, ಅಷ್ಟೇ.

ಬಿಚ್ಚಿದ ಪುಸ್ತಕ ಎಲ್ಲಿಗೆ ಹೋಗುತ್ತದೆ ಎಂಬುದು ಕುಪ್ಪಮ್ಮನಿಗೆ ಬಹಳ ಕಾಲ ಒಂದು ಬೆರಗು. "ನಾನ್ ಬಂದ ಒಸದ್ರಲ್ಲಿ ಒಂದ್ ಪುಸ್ತಕಕ್ಕೆ ಒಂದ್ ಕಟ್ಟು ಬಿಲ್ಲೆ ಬೇಕಾಗೋದು. ಕರೀದು, ಚೌಕ. ಅಪ್ಪುರಂ, ಆಮೇಲೆ, ಕನ್ನಡಿ ಥರ ತಟ್ಟೆ ಬಂತು. ಒಂದ್ ತಟ್ಟೆಗೆ ಒಂದ್ ಬೀರು ಪುಸ್ತಕ ಇಡಿಸ್ತೈತೆ ಅಂದ್ರು. ಸುಮ್ಕಿರ್ರಮ್ಮ, ಕತೆ ಏಳ್ಬೇಡಿ ಅಂದೆ. ತಟ್ಟೇನ ತಿರುಗಿಸಿ ಮುರುಗಿಸಿ ನೋಡಿದ್ರೆ ನನ್ ಮುಖಾನೇ ಕಾಣ್ತೈತೆ, ಅಕ್ಷರ ಎಲ್ಲೈತೆ?"

ಈ ವರ್ಷ, ಅಂದರೆ ತೊಂಬತ್ತೊಂಬತ್ತರ ದೀಪಾವಳಿ ಕಳೆದ ಮೇಲೆ, ಕನ್ನಡಿ ತಟ್ಟೆಯನ್ನೂ ಮೀರಿಸಿದ್ದು ಬಂತು. ಕಂಪನಿಯವರು ಒಂದು ಯಂತ್ರವನ್ನು ಮಾದರಿಗೆಂದು ಕಳಿಸಿದರು. ತಾವು ತುಂಬಿಸಿದ ಪುಟಗಳು ಅದರಲ್ಲಿ ಹೇಗೆ ಕಾಣುತ್ತವೆ ಎಂದು ಪರೀಕ್ಷಿಸಿ ಕೆಲವೇ ವಾರದಲ್ಲಿ ಹಿಂದಿರುಗಿಸಬೇಕು. ಶಾಲೆಯ ಸ್ಲೇಟಿನಷ್ಟು ದೊಡ್ಡದು, ಹಿಡಿಯಲು ಒಂದು ಕಡೆ ದಪ್ಪ ಅಂಚು. ಗುಂಡಿ ಒತ್ತಿದರೆ ಒಳಗಿನಿಂದ ಬೆಳಕು ಹತ್ತಿ ಪುಟ ಮೂಡುತ್ತದೆ. ಇನ್ನೊಂದು ಗುಂಡಿಗೆ ಮುಂದಿನ ಪುಟ, ಮತ್ತೊಂದಕ್ಕೆ ಹಿಂದಿನದು. ತಂತಿಯಿಲ್ಲ, ಮೇಜಿಲ್ಲ, ತೊಡೆಯ ಮೇಲಿಟ್ಟುಕೊಂಡು ಓದಬಹುದು. ಸ್ಕ್ಯಾನರಿನ ಕೆಲಸ ನೋಡಿಕೊಳ್ಳುವ ಶಾಲಿನಿ ಅದನ್ನು ಕುಪ್ಪಮ್ಮನ ಕೈಗೆ ಕೊಟ್ಟಳು. ಇದರೊಳಗೆ ಇರುವುದು ನೀವೇ ಹೋದ ತಿಂಗಳು ಬಿಚ್ಚಿದ ಪುಸ್ತಕ ಎಂದಳು. ಕುಪ್ಪಮ್ಮ ಕೈ ಒರೆಸಿಕೊಂಡು ತೆಗೆದುಕೊಂಡು, ಹಿಂದೆ ಮುಂದೆ ನೋಡಿ, ಬದಿಯಲ್ಲಿ ಹೊಲಿಗೆ ಹುಡುಕಿದರು. ಹೊಲಿಗೆ ಇರಲಿಲ್ಲ.

"ಒಂದ್ ಎಳೆ ನೂಲಿಲ್ದೆ ಅಷ್ಟೂ ಆಳೆ ನಿಂತೈತಲ್ಲ," ಎಂದು ಈಗಲೂ ತಲೆ ಆಡಿಸುತ್ತಾರೆ. "ಮೈ ಜುಮ್ ಅಂತು ನಂಗೆ."

ಶಾಲಿನಿಯ ತಾತನೇ ಮುನಿವೆಂಕಟಪ್ಪ. ಹುಡುಗಿ ಓಮಲೂರಿನ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಕೆಲಸಕ್ಕೆ ಬರುತ್ತಾಳೆ. ಒಂದು ದಿನ ತಾತನನ್ನು ಸೇಲಂನ ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದಳು. ನರ ಒಣಗಿದೆ, ಇನ್ನು ಕನ್ನಡಕ ಬದಲಾಯಿಸಿ ಪ್ರಯೋಜನವಿಲ್ಲ ಎಂದು ಡಾಕ್ಟರು ಹೇಳಿ ಕಳಿಸಿದರು. ಬರುವ ದಾರಿಯಲ್ಲಿ ತಾತನನ್ನು ಆಫೀಸಿನ ಮರದ ಬೆಂಚಿನ ಮೇಲೆ ಕೂರಿಸಿ, ಅರ್ಧಕ್ಕೆ ಬಿಟ್ಟ ಕೆಲಸ ಮುಗಿಸಲು ಆ ಯಂತ್ರವನ್ನು ಕೈಗೆತ್ತಿಕೊಂಡಳು. ಬೆಳಕು ಹತ್ತಿತು. ಮುದುಕರು ಕತ್ತು ಓರೆ ಮಾಡಿ ಅತ್ತ ನೋಡಿದರು.

"ಅದೇನವ್ವ ಅದು? ಅದ್ರಾಗೆ ಅಕ್ಷರ ಕಾಣ್ತೈತೆ ನಂಗೆ," ಎಂದರು.

ಕಾಣುತ್ತಿದ್ದದ್ದು ಇಂಗ್ಲಿಷ್, ಅದು ಅವರಿಗೆ ಬಾರದು. ಆದರೂ ಕಂಡಿತ್ತು. ಕಾಗದದ ಮೇಲಿನ ಮಸಿ ಅವರ ಕಣ್ಣಿಗೆ ಕಾಗದದಲ್ಲೇ ಕರಗಿಹೋಗುತ್ತದೆ. ಹಿಂದಿನಿಂದ ಬೆಳಕು ಬಂದರೆ, ಅಕ್ಷರ ದೊಡ್ಡದಾಗಿದ್ದರೆ, ಅಂಗೈಯಷ್ಟು ಹತ್ತಿರ ಹಿಡಿದರೆ ಬಲಗಣ್ಣಿನ ಮೂಲೆಗೆ ಸಿಗುತ್ತದೆ. ಕಂಪ್ಯೂಟರಿನ ಪರದೆಗೆ ಅಷ್ಟು ಹತ್ತಿರ ಕೂತರೆ ಕಣ್ಣಲ್ಲಿ ನೀರು ಸುರಿಯುತ್ತದೆ. ಈ ಸ್ಲೇಟಿಗೆ ಸುರಿಯಲಿಲ್ಲ. ಮುದುಕರು ಅದನ್ನು ಮುಖಕ್ಕೆ ಹಿಡಿದುಕೊಂಡು ಬಹಳ ಹೊತ್ತು ಕೂತರು, ಆಮೇಲೆ ತಮ್ಮ ಪುಸ್ತಕದ ವಿಷಯ ಎತ್ತಿದರು.

ಮಾರ್ಗಳಿ ತಿಂಗಳ, ಎಂದರೆ ಧನುರ್ಮಾಸದ, ಬೆಳಗಿನ ಜಾವ ಅವರ ಹಳ್ಳಿಯಲ್ಲಿ ಬೀದಿ ಸುತ್ತಿ ದೇವರ ಪದ ಹೇಳುವ ರೂಢಿ. ಮುನಿವೆಂಕಟಪ್ಪ ಒಂದು ಸಾಲು ಹೇಳಿದರೆ ಊರು ಅದನ್ನೇ ಹಿಂದಿನಿಂದ ಹೇಳುತ್ತದೆ. ಪದಗಳೆಲ್ಲ ಇರುವುದು ಆ ಒಂದು ಪುಸ್ತಕದಲ್ಲಿ. ಮನೆಯಲ್ಲಿ ಎಲ್ಲರೂ ಆಡುವುದು ಕನ್ನಡವಾದರೂ ಮಕ್ಕಳು ಓದಿದ್ದು ತಮಿಳು ಶಾಲೆಯಲ್ಲಿ. ಚಿಕ್ಕಂದಿನಲ್ಲಿ ಆನೇಕಲ್ಲಿನ ಸೋದರಮಾವನ ಮನೆಯಲ್ಲಿದ್ದು ಬಂದ ಇವರೊಬ್ಬರಿಗೇ ಊರಲ್ಲಿ ಕನ್ನಡದ ಅಕ್ಷರ ಗೊತ್ತು. ಬಾಯಿಪಾಠ ಇಲ್ಲದೇ ಇಲ್ಲ. ಆದರೆ ವಯಸ್ಸಿಗೆ ಪದಗಳು ಒಂದರೊಳಗೊಂದು ಸಿಕ್ಕಿಕೊಂಡಿವೆ.

"ಓದ್ ವರ್ಸ ಬೀದಿ ಮದ್ಯ ನಿಂತ್ಕಬಿಟ್ಟೆ," ಎಂದರಂತೆ ಅವರು ಕುಪ್ಪಮ್ಮನಿಗೆ. "ಈ ಪದದ ಸಾಲು ಆ ಪದಕ್ ಓಗ್ಬಿಡ್ತು. ಜನ ಕಾಯ್ತಾ ನಿಂತವ್ರೆ, ನನ್ ಬಾಯಿಗ್ ಬರ್ತಿಲ್ಲ. ಒಂದೇ ಒಂದ್ ಸಲ ಕಣ್ಣಾರೆ ನೋಡ್ಕಂಡು ಓದ್ಬಿಟ್ರೆ ಎಲ್ಲಾ ಅದರದರ ಜಾಗಕ್ಕೆ ಬಂದ್ಬಿಡ್ತೈತೆ ತಾಯಿ. ಇಲ್ಲಾಂದ್ರೆ ಈ ಮಾರ್ಗಳಿಗೆ ನಿಲ್ಸ್ಬಿಡ್ತೀನಿ. ತಪ್ ತಪ್ಪಾಗಿ ದೇವ್ರ ಮುಂದೆ ಏಳ್ಬಾರ್ದು."

ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಲು ಹೋಗಿ ಕರಿ ಹಾಳೆ ತಂದಿದ್ದೂ ಆಗಿತ್ತು. ಕಾಗದವೇ ಅಷ್ಟು ಕಂದಿತ್ತು. ಮೇಲಾಗಿ ಬದಿ ಹೊಲಿಗೆ ಪ್ರತಿ ಸಾಲಿನ ಶುರುವನ್ನೂ ನುಂಗಿಕೊಂಡಿತ್ತು, ಬಲವಂತವಾಗಿ ಬಿಡಿಸಿದರೆ ಹಾಳೆಯೇ ಒಡೆಯುತ್ತಿತ್ತು. ಶಾಲಿನಿ ತಲೆ ತಗ್ಗಿಸಿ ನಿಂತಿದ್ದಳು. ಆಗಲೇ ಕುಪ್ಪಮ್ಮ ಎದ್ದು ಬಂದು ಮಾತು ಕೊಟ್ಟದ್ದು.

"ತಂದ್ಕೊಡಿ ದೊಡ್ಡಪ್ಪ. ಒಲಿಗೆ ನಾನ್ ಬಿಚ್ತೀನಿ. ನಿಮ್ ಮೊಮ್ಮಗಳು ಅದ್ರೊಳೀಕ್ ಆಕ್ತಾಳೆ. ನೀವೇ ಓದೋ ಅಂಗ್ ಮಾಡ್ಕೊಡ್ತೀನಿ."

ವಿಶ್ವನಾಥನ್ ಮೊದಲು ಒಪ್ಪಲಿಲ್ಲ. ಆ ಯಂತ್ರಕ್ಕೆ ಕನ್ನಡ ಅಕ್ಷರ ಗೊತ್ತಿಲ್ಲ, ಅದು ನಮ್ಮ ಸ್ವತ್ತೂ ಅಲ್ಲ ಎಂದರು. ಅಕ್ಷರವಾಗಿ ಬೇಡ, ಚಿತ್ರವಾಗಿ ಹಾಕುತ್ತೇನೆ ಎಂದಳು ಶಾಲಿನಿ. ಪುಟವನ್ನು ಸ್ಕ್ಯಾನ್ ಮಾಡಿ, ಕಪ್ಪನ್ನು ತಿಳಿ ಮಾಡಿ, ಒಂದೊಂದು ಸಾಲನ್ನೂ ಬೇರೆ ಬೇರೆ ಕತ್ತರಿಸಿ, ಒಂದು ಪರದೆಗೆ ಒಂದೇ ಸಾಲು ದೊಡ್ಡದಾಗಿ ಬರುವ ಹಾಗೆ. ಕೊನೆಗೆ ವಿಶ್ವನಾಥನ್ ಆಫೀಸಿನ ಹೊತ್ತು ಬಿಟ್ಟು ಏನಾದರೂ ಮಾಡಿಕೊಳ್ಳಿ ಎಂದು ಬೀಗದ ಕೈ ಕೊಟ್ಟರು. ಹಾಗಾಗಿ ಈ ಬೆಳಗಿನ ಬಸ್ಸು, ಈ ಚಾಪೆ, ಈ ಬೆಲ್ಲದ ಬಣ್ಣದ ಪುಸ್ತಕ.

ಹಾಳೆಗಳು ಬಿಡಿಯಾಗುತ್ತಿದ್ದಂತೆ ಒಳಗೆ ನುಂಗಿಹೋಗಿದ್ದ ಅಕ್ಷರಗಳು ಹೊಳಪಾಗಿ ಹೊರಬೀಳುತ್ತವೆ, ಅಲ್ಲಿಗೆ ಬಿಸಿಲೂ ಗಾಳಿಯೂ ತಾಗಿಲ್ಲ. ಒಂದು ಹಾಳೆಗೆ ಒಂದು ಪದ. ಪ್ರತಿ ಪದದ ನೆತ್ತಿಯಲ್ಲಿ ಅಚ್ಚಿನವರು ಒಂದು ಸಣ್ಣ ಹೂವು ಕೂರಿಸಿದ್ದಾರೆ. ಹೂವಿನ ಚಿತ್ರ ಬೇಕಾಗಿಲ್ಲ, ಬಿಡಲೇ ಎಂದು ಶಾಲಿನಿ ಕೇಳಿದಾಗ ಕುಪ್ಪಮ್ಮ ಒಪ್ಪುವುದಿಲ್ಲ. "ಇರ್ಲಿ ಬಿಡು. ಅಂಚಿಲ್ದೆ ಪಂಚೆ ನೇಯ್ತಾರಾ?"

ಹೀಗೆ ಹುಡುಗಿ ಸಂಜೆ ಸಂಜೆ ಕೂತು ಸಾಲು ಕತ್ತರಿಸಿ, ಕೊನೆಗೂ ಎಲ್ಲವನ್ನೂ ಯಂತ್ರಕ್ಕೆ ತುಂಬುತ್ತಾಳೆ. ಅಷ್ಟರಲ್ಲಿ ಅದನ್ನು ಹಿಂದಿರುಗಿಸುವ ದಿನವೂ ಬಂದೇಬಿಡುತ್ತದೆ. ಅವತ್ತು ಬೆಳಗಿನ ಬಸ್ಸಿಗೆ ಮುನಿವೆಂಕಟಪ್ಪ ಬಂದಿಳಿಯುತ್ತಾರೆ. ಒಗೆದ ಪಂಚೆ, ಹಣೆಯಲ್ಲಿ ತಿದ್ದಿದ ನಾಮ. ಚಪ್ಪಲಿ ಮೆಟ್ಟಿಲ ಬುಡದಲ್ಲೇ ಬಿಟ್ಟು ಹತ್ತಿ, ಕುಪ್ಪಮ್ಮನ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಾರೆ. ಕೊರಿಯರ್ ವ್ಯಾನು ಮಧ್ಯಾಹ್ನಕ್ಕೆ.

ಶಾಲಿನಿ ಗುಂಡಿ ಒತ್ತಿ ಯಂತ್ರವನ್ನು ತಾತನ ಕೈಗಿಡುತ್ತಾಳೆ. ಮೊದಲು ಹೂವು. ಆಮೇಲೆ ಸಾಲು. ಮುದುಕರು ಬಲಗಣ್ಣಿನ ಮೂಲೆಗೆ ಹಿಡಿದು, ತುಟಿ ಆಡಿಸುತ್ತಾರೆ. ಮುಖ ಅರಳುತ್ತದೆ. ಇನ್ನೊಂದು ಸಾಲು. ಅಲ್ಲಿಗೆ ತುಟಿ ನಿಂತುಬಿಡುತ್ತದೆ. ಯಂತ್ರವನ್ನು ಮಡಿಲಿಗಿಳಿಸಿ ಎರಡೂ ಕೈ ಜೋಡಿಸುತ್ತಾರೆ.

"ಏನಾಯ್ತು ತಾತ, ಕಾಣ್ತಿಲ್ವಾ?" ಎನ್ನುತ್ತಾಳೆ ಶಾಲಿನಿ.

"ಚೆನ್ನಾಗ್ ಕಾಣ್ತೈತೆ ಮಗ. ಮಂಗಳ ಬಂದೈತೆ."

ಮಂಗಳ ಎಂದರೆ ಎಲ್ಲ ಪದ ಮುಗಿದ ಮೇಲೆ, ಕರ್ಪೂರ ಹಚ್ಚಿ ಹೇಳುವ ಕೊನೆಯ ಪದ. ಅದಾದ ಮೇಲೆ ಇನ್ನೊಂದನ್ನು ಎತ್ತುವಂತಿಲ್ಲ, ಎದ್ದು ಮನೆಗೆ ಹೋಗುವುದೇ. "ಅದೇ ಮೊದ್ಲು ಕಣ್ಣಿಗ್ ಬಿತ್ತು ಅಂದ್ರೆ ದೇವ್ರು ಸಾಕು ಅಂತ ಏಳಿದಂಗೇ," ಎಂದರು ಮುದುಕರು. ಕೋಪವಿಲ್ಲ, ಬೇಸರವೂ ಇಲ್ಲ. ಯಂತ್ರವನ್ನು ಮೊಮ್ಮಗಳ ಕೈಗೆ ಕೊಟ್ಟು ಊರುಗೋಲಿಗೆ ತಡಕಾಡತೊಡಗಿದರು.

ಏನಾಯಿತು ಎಂಬುದು ಕುಪ್ಪಮ್ಮನಿಗೆ ಆ ಕ್ಷಣವೇ ಗೊತ್ತಾಯಿತು. ಮಗ್ಗದ ಮನೆಯ ಕೈ ಅದು. ಮೊದಲು ನೇಯ್ದದ್ದು ಸುರುಳಿಯ ಒಳಗೆ ಸೇರುತ್ತದೆ, ಕೊನೆಯಲ್ಲಿ ನೇಯ್ದದ್ದು ಮೇಲಿರುತ್ತದೆ. ಯಾವ ಪುಸ್ತಕ ಬಿಚ್ಚಿದರೂ ಹಾಗೆಯೇ, ಮೊದಲ ಹಾಳೆ ಅಡಿಗೆ, ಕೊನೆಯದು ಮೇಲೆ. ಇಂಗ್ಲಿಷ್ ಪುಸ್ತಕಗಳಾದರೆ ಶಾಲಿನಿ ಪುಟದ ಸಂಖ್ಯೆ ನೋಡಿ ಸರಿಯಾದ ಕ್ರಮಕ್ಕೆ ತಿರುಗಿಸಿಕೊಳ್ಳುತ್ತಿದ್ದಳು. ಇದರಲ್ಲಿ ಸಂಖ್ಯೆಯೂ ಕನ್ನಡದ್ದು. ಆಫೀಸಿನಲ್ಲಿ ಯಾರಿಗೂ ಅದು ಓದಲು ಬಾರದು. ಮೇಲಿದ್ದ ಹಾಳೆಯಿಂದಲೇ ಹುಡುಗಿ ಶುರು ಮಾಡಿದ್ದಾಳೆ.

"ದೇವ್ರು ಏಳಿದ್ದಲ್ಲ ದೊಡ್ಡಪ್ಪ, ನಾನ್ ಮಾಡಿದ್ದು," ಎಂದು ಕುಪ್ಪಮ್ಮ ಅವರ ಮುಂದೆ ಕೂತೇಬಿಟ್ಟರು. "ಪಂಚೆ ಸುತ್ತಿದಂಗ್ ಸುತ್ಬಿಟ್ಟಿದೀನಿ ನಿಮ್ ಪುಸ್ತಕಾನ. ಕಡೇದು ಮೇಲ್ ಬಂದೈತೆ, ಮೊದ್ಲಿಂದು ಒಳಗೈತೆ. ಬಿಚ್ಕಂತಾ ಬಂದ್ರೆ ಸಿಗ್ತೈತೆ."

"ಮಂಗಳ ಆಗೋಯ್ತಲ್ಲವ್ವ."

"ನೀವ್ ಕಂಡಿದೀರಿ, ಏಳಿಲ್ವಲ್ಲ. ಬಾಯ್ ಬಿಟ್ಟು ಏಳುದ್ರೆ ತಾನೆ ಮಂಗಳ?"

ಕೆಳಗೆ ಟೈರಿನ ಅಂಗಡಿಯ ಮೋಟರು ಶುರುವಾಯಿತು. ತಿರುಗಿ ಸರಿಯಾಗಿ ತುಂಬಿಸೋಣ ಎಂದರೆ ಸಂಜೆಯಾಗುತ್ತದೆ ಎಂದು ಶಾಲಿನಿ ಕಣ್ಣಲ್ಲಿ ನೀರು ತಂದುಕೊಂಡಿದ್ದಳು. ಅಷ್ಟರಲ್ಲಿ ಮುದುಕರು ಊರುಗೋಲನ್ನು ಗೋಡೆಗೆ ಒರಗಿಸಿ, "ಅದೂ ನಿಜಾನೇ. ಮಂಗಳ ನಾನಿನ್ನೂ ಏಳಿಲ್ಲ," ಎಂದರು.

ಕುಪ್ಪಮ್ಮ ಯಂತ್ರವನ್ನು ತೆಗೆದುಕೊಂಡು ಹೆಬ್ಬೆರಳಿನಲ್ಲಿ ಗುಂಡಿ ಒತ್ತುತ್ತಾ ಹೋದರು. ಸಾಲಿನ ಹಿಂದೆ ಸಾಲು ಬೆಳಗಿ ಮರೆಯಾಗುತ್ತವೆ, ನಡುನಡುವೆ ಹೂವು. ಇನ್ನು ಮುಂದಕ್ಕೆ ಹೋಗುವುದಿಲ್ಲ ಎಂದು ಯಂತ್ರ ನಿಂತಾಗ, ಹಿಂದಿನ ಗುಂಡಿ ಒತ್ತಿ ಮೊದಲು ಸಿಕ್ಕ ಹೂವಿಗೆ ನಿಲ್ಲಿಸಿ ಮುದುಕರ ಕಣ್ಣಿಗೆ ಹಿಡಿದರು. ಗಣೇಶನನ್ನು ನೆನೆಯುವ ಪದ. ಎಲ್ಲಕ್ಕೂ ಮೊದಲು ಹೇಳಬೇಕಾದದ್ದು. ಮುನಿವೆಂಕಟಪ್ಪ ಗಂಟಲು ಸರಿಮಾಡಿಕೊಂಡು ಎತ್ತಿಯೇಬಿಟ್ಟರು.

ಆ ಪದ ಮುಗಿದಾಗ ತೊಡಕು ಬಂತು. ಎರಡನೆಯ ಪದ ಇರುವುದು ಹಿಂದೆ. ಕುಪ್ಪಮ್ಮ ಹಿಂದಕ್ಕೆ ಒತ್ತುತ್ತಾ ಬಂದು ಹೂವು ಕಂಡಲ್ಲಿ ನಿಲ್ಲಿಸಿದರೆ ಮುದುಕರು ನಕ್ಕರು. "ಇದು ಈಗ್ ಏಳಿದ್ದೇ ಅಲ್ವೇನವ್ವ." ಕುಪ್ಪಮ್ಮನೂ ನಕ್ಕರು. ಒಂದು ಹೂವು ದಾಟಬೇಕು, ಇನ್ನೊಂದು ಹೂವಿಗೆ ನಿಲ್ಲಬೇಕು. ಅದು ತಿಳಿದ ಮೇಲೆ ಅವರ ಬೆರಳು ಮತ್ತೆ ತಪ್ಪಲಿಲ್ಲ. ಮುದುಕರು ಒಂದು 'ಹೂಂ' ಅಂದರೆ ಮುಂದಿನ ಸಾಲು. ಪದ ಮುಗಿಸಿ ಉಸಿರು ಬಿಟ್ಟರೆ ಹಿಂದಕ್ಕೆ, ಒಂದು ಹೂವು ದಾಟಿ ಇನ್ನೊಂದಕ್ಕೆ. ಅಕ್ಷರ ಬಾರದ ಒಬ್ಬರು ತಿರುಗಿಸುತ್ತಾರೆ, ಕಣ್ಣು ಕಾಣದ ಒಬ್ಬರು ಓದುತ್ತಾರೆ. ಇಷ್ಟು ದಿನ ಸಿಕ್ಕಿಕೊಂಡಿದ್ದ ಸಾಲುಗಳು ಒಂದೊಂದಾಗಿ ತಮ್ಮ ಪದಕ್ಕೆ ಮರಳುತ್ತಿವೆ. ನಡುವೆ ಒಮ್ಮೆ ಮುದುಕರು, "ಇಲ್ಲಿದ್ಯಾ ನೀನು," ಎಂದು ಒಂದು ಸಾಲನ್ನು ಮಾತಾಡಿಸಿದರು. ಕಂಪ್ಯೂಟರುಗಳ ಮುಂದೆ ಹುಡುಗಿಯರ ಕೈ ಯಾವಾಗಲೋ ನಿಂತುಹೋಗಿತ್ತು. ಬೈಯಲು ಒಳಗಿನಿಂದ ಬಂದ ವಿಶ್ವನಾಥನ್ ಬಾಗಿಲಲ್ಲೇ ನಿಂತರು. ಅವರಿಗೆ ಕನ್ನಡ ತಿಳಿಯದು, ಆದರೂ ಅಲ್ಲಿಂದ ಕದಲಲಿಲ್ಲ.

ಮಧ್ಯಾಹ್ನ ಕೊರಿಯರಿನವರು ಬಂದು ರಸೀತಿ ಪುಸ್ತಕ ಹಿಡಿದುಕೊಂಡು ಗೋಡೆಗೆ ಒರಗಿದ್ದಾರೆ. ಕುಪ್ಪಮ್ಮ ಒಂದು ಹೂವು ದಾಟಿ ಇನ್ನೊಂದಕ್ಕೆ ಬಂದು ನಿಂತರು. ಅಭ್ಯಾಸಕ್ಕೆ ಇನ್ನೊಮ್ಮೆ ಒತ್ತಿದರು. ಯಂತ್ರ ಅಲುಗಲಿಲ್ಲ. ಅದರ ಹಿಂದೆ ಏನೂ ಇರಲಿಲ್ಲ. ಬೆಳಿಗ್ಗೆ ಮೊಟ್ಟಮೊದಲು ಮುದುಕರ ಕಣ್ಣಿಗೆ ಬಿದ್ದ ಮಂಗಳದ ಪುಟ ಈಗ ಸರಿಯಾಗಿ ಕೊನೆಯಲ್ಲಿ ಬಂದು ನಿಂತಿತ್ತು.

ಮುನಿವೆಂಕಟಪ್ಪ ಎದ್ದು ನಿಂತರು. ಅವರು ನಿಂತದ್ದಕ್ಕೆ ಎಲ್ಲರೂ ಎದ್ದರು, ವಿಶ್ವನಾಥನ್ ಚಪ್ಪಲಿ ಬಿಟ್ಟರು. ಕರ್ಪೂರ ಇರಲಿಲ್ಲ. ಕುಪ್ಪಮ್ಮ ಆ ಬೆಳಗುವ ಯಂತ್ರವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡಿದ್ದರು. ಮುದುಕರು ಒಂದೊಂದು ಸಾಲನ್ನೂ ಎಳೆದು ಎಳೆದು ಮಂಗಳ ಹೇಳಿದರು, ಕುಪ್ಪಮ್ಮ ಅವರ ಹಿಂದೆ ಮೆಲ್ಲಗೆ ಅದನ್ನೇ ಹೇಳಿದರು.

ಯಂತ್ರ ಅವತ್ತೇ ಡಬ್ಬಿ ಸೇರಿ ಹೊರಟುಹೋಯಿತು. ಹಾಳೆಗಳನ್ನು ಈ ಸಲ ಸರಿಯಾಗಿ ಜೋಡಿಸಿ, ಹಳೆಯ ನೂಲಿನ ತುದಿಗೆ ಹೊಸದನ್ನು ಹೊಸೆದು, ಕುಪ್ಪಮ್ಮ ಪುಸ್ತಕ ಹೊಲಿದುಕೊಟ್ಟಿದ್ದಾರೆ. ಅವತ್ತಿನ ಮಾತು ಬಂದರೆ ಅವರ ದನಿ ಸಣ್ಣಗಾಗುತ್ತದೆ. "ಇಷ್ಟ್ ದಿನ ಪುಸ್ತಕ ಅಂದ್ರೆ ನಂಗೆ ಕಾಗ್ದ, ನೂಲು. ಒಳಗೆ ಮಾತೈತೆ ಅಂತ ಗೊತ್ತು, ಕೇಳಿರ್ಲಿಲ್ಲ. ಬಿಚ್ಚಿದ್ದೆಲ್ಲಾ ಇಂಗ್ಲಿಷು. ಅವತ್ ನಮ್ ಮನೆ ಮಾತು ಅದ್ರಾಗಿಂದ ಬಂತು. ಅಳು ಬಂದ್ಬಿಡ್ತು ಸಾರ್, ಯಾಕಂತ ಕೇಳ್ಬೇಡಿ."

ಮಾರ್ಗಳಿ ಈಗ ಶುರುವಾಗಿದೆ. ಮೊದಲ ದಿನ ತಾತ ಎಲ್ಲೂ ನಿಲ್ಲದೆ ಬೀದಿಯ ಕೊನೆಯವರೆಗೂ ಪದ ಹೇಳಿದರಂತೆ, ಊರಿನ ಮಂಜುಳಮ್ಮ ಮತ್ತು ಇನ್ನಿಬ್ಬರು ಹೆಂಗಸರು ಅವರ ಬಾಯಿಂದಲೇ ಕಲಿಯುತ್ತಿದ್ದಾರಂತೆ. ಸುದ್ದಿ ತಂದವಳು ಶಾಲಿನಿ. ಇಂಥ ಯಂತ್ರಗಳು ಮುಂದೆ ಊರೂರಿಗೂ ಬರುತ್ತವೆ, ಕನ್ನಡದ ಅಕ್ಷರವನ್ನೂ ಕಲಿಯುತ್ತವೆ ಎನ್ನುತ್ತಾರೆ ವಿಶ್ವನಾಥನ್. ಹೊಲಿಗೆಯೇ ಇಲ್ಲದ ಪುಸ್ತಕ ಬಂದರೆ ನಿಮ್ಮ ಕೆಲಸ ಏನಾಗುತ್ತದೆ ಎಂದು ಕೇಳಿದರೆ ಕುಪ್ಪಮ್ಮ ಬೂದಿಯ ಬೆರಳನ್ನು ಒದ್ದೆ ಬಟ್ಟೆಗೆ ಒರೆಸಿಕೊಳ್ಳುತ್ತಾರೆ.

"ಬರ್ಲಿ ಬಿಡಿ, ಒಳ್ಳೇದೇ," ಎನ್ನುತ್ತಾರೆ. "ಆ ಸಿಲೇಟು ತಿರುಗಾ ಬಂದ್ರೆ ಮಾತ್ರ ನಂಗೊಂದ್ ಮಾತ್ ಏಳಿ ಕಳಿಸ್ಲಿ. ದೊಡ್ಡಪ್ಪ ಓದ್ತಾರೆ, ಸರಿ. ಇಂದಕ್ ತಿರುಗ್ಸಾಕೆ ಅವರೊಬ್ರಿಂದ ಆಗಲ್ಲ."